ಅಕ್ಕ ಹಾಕಿದ ಎರಡು ರುಜು

ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಒಂದು ಚೊಂಬು ನೀರು ಕೊಡುತ್ತಾರೆ. ಆಮೇಲೆ ಕಾಫಿ, ಆಮೇಲೆ ಮಾತು. ಒಂದೂವರೆ ವರ್ಷ ನನಗೆ ಆ ಚೊಂಬು ಕಂಡರೆ ಹೆದರಿಕೆ. ದಿನಕ್ಕೆ ಎಲ್ಲಾ ಸೇರಿ ಮುಕ್ಕಾಲು ಲೀಟರ್, ಅದರಲ್ಲೇ ಕಾಫಿ, ಸಾರು, ಮಾತ್ರೆ ನುಂಗುವ ಗುಟುಕು. ನೀರು ಬೇಡ ಎಂದರೆ ಮನೆಯವರಿಗೆ ಬೇಜಾರು, ಕುಡಿದರೆ ನನಗೆ ಉಸಿರು ಕಟ್ಟುತ್ತಿತ್ತು. ಕೊನೆಗೆ ಯಾರ ಮನೆಗೂ ಹೋಗುವುದನ್ನೇ ಬಿಟ್ಟೆ. ಡಯಾಲಿಸಿಸ್‌ಗೆ ಸರದಿ ಕಾಯುತ್ತಾ ಇದನ್ನು ಓದುತ್ತಿರುವವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಅವರಿಗೆಂದೇ ಬರೆಯುತ್ತಿದ್ದೇನೆ. ಕಿಡ್ನಿ ಎಲ್ಲಿದೆ, ಏನು ಮಾಡುತ್ತದೆ ಎಂಬುದನ್ನು ಡಾಕ್ಟರು ಹೇಳುತ್ತಾರೆ, ನಾನು ಅದಕ್ಕೆ ಕೈ ಹಾಕುವುದಿಲ್ಲ.

ನಾನು ಪುಟ್ಟಸ್ವಾಮಿ. ಚನ್ನಪಟ್ಟಣ ತಾಲ್ಲೂಕು ಬೈರಾಪಟ್ಟಣದವನು. ಎರಡು ಎಕರೆ ಹಿಪ್ಪುನೇರಳೆ ತೋಟ, ಮನೆ ಹಿಂದೆ ರೇಷ್ಮೆ ಹುಳ ಸಾಕುವ ಶೆಡ್ಡು. ಬಗ್ಗಿ ಎದ್ದು, ಬಗ್ಗಿ ಎದ್ದು ಮಂಡಿ ಹೋಗಿತ್ತು. ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನಾಲ್ಕೈದು ವರ್ಷ ಕಡಲೆಬೀಜದ ಹಾಗೆ ನುಂಗಿದೆ. ಡಾಕ್ಟರ ಚೀಟಿ ಇಲ್ಲ, ಹೇಳುವವರಿಲ್ಲ, ಹೇಳಿದರೂ ಕೇಳುವ ಪೈಕಿ ನಾನಲ್ಲ. ಬಿಪಿ ಬೇರೆ ಇತ್ತಂತೆ. ಒಂದು ದಿನ ಚಪ್ಪಲಿ ಕಾಲಿಗೆ ಹಿಡಿಸಲಿಲ್ಲ. ನೂರ ಎಂಟು ಕೆಜಿ ಆಸಾಮಿ, ಇನ್ನೂ ಒಸಿ ದಪ್ಪ ಆಗಿದ್ದೀನಿ ಅಂದುಕೊಂಡು ದೊಡ್ಡ ಚಪ್ಪಲಿ ತಂದೆ. ಬುದ್ಧಿ ಅಂದರೆ ನನ್ನದು.

ಚನ್ನಪಟ್ಟಣದ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, "ಜೊತೆಗೆ ಯಾರಾದರೂ ಬಂದಿದ್ದಾರಾ?" ಎಂದರು. ಡಾಕ್ಟರು ಹಾಗೆ ಕೇಳಿದರೆ ಒಳ್ಳೆಯ ಸುದ್ದಿ ಅಲ್ಲ ಎಂದು ಅಷ್ಟಾದರೂ ನನಗೆ ಗೊತ್ತಿತ್ತು. ಹೆಂಡತಿ ಸುಶೀಲಳನ್ನು ಒಳಗೆ ಕರೆದೆ. ಕಿಡ್ನಿ ಕೆಲಸ ನಿಲ್ಲಿಸಿದೆ ಎಂದು ಅವರು ಹೇಳಿದ ಕೂಡಲೇ ಅವಳು, "ಎರಡಿರ್ತವಲ್ಲ ಸಾರ್, ಇನ್ನೊಂದು ಹೆಂಗೈತೆ?" ಎಂದಳು.

"ಎರಡೂ, ಅಮ್ಮ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಳು.

ಆಮೇಲೆ ವಾರಕ್ಕೆ ಮೂರು ದಿನ ರಾಮನಗರಕ್ಕೆ ರೈಲು, ನಾಲ್ಕು ಗಂಟೆ ಡಯಾಲಿಸಿಸ್. ಅಲ್ಲಿ ಹೊರಗಿನ ಬೆಂಚಿನಲ್ಲಿ ಎಲ್ಲರದ್ದೂ ಒಂದೇ ಮಾತು: ಯಾರು ಕೊಡ್ತಾರೆ? ಸುಶೀಲಳಿಗೆ ಸಕ್ಕರೆ ಕಾಯಿಲೆ, ಅವಳದ್ದು ಆಗುವುದಿಲ್ಲ ಎಂದರು. ಮಗಳಿಗೆ ಇನ್ನೂ ಹದಿನೇಳು. ಅಪ್ಪ ಅವ್ವ ಹೋಗಿ ಎಷ್ಟೋ ಕಾಲವಾಗಿತ್ತು. ಉಳಿದವಳು ಒಬ್ಬಳೇ, ನನ್ನ ಅಕ್ಕ ಜಯಮ್ಮ, ಮಾಗಡಿ ಕಡೆಯ ಹಳ್ಳಿಗೆ ಕೊಟ್ಟವಳು. ಅವಳನ್ನು ಕೇಳುವ ಮುಖ ನನಗಿರಲಿಲ್ಲ.

ಯಾಕಿರಲಿಲ್ಲ ಎಂದು ಹೇಳಿಯೇ ಬಿಡುತ್ತೇನೆ. ಅಪ್ಪ ತೀರಿಕೊಂಡ ಮೇಲೆ ತೋಟದಲ್ಲಿ ಅರ್ಧ ಅಕ್ಕನದ್ದು. ಕಾನೂನು ಗೊತ್ತಿದ್ದೂ ನಾನು ಅವಳನ್ನು ಚನ್ನಪಟ್ಟಣಕ್ಕೆ ಕರೆಸಿ, "ಖಾತೆ ಬದ್ಲಾಯ್ಸಕ್ಕೆ ಒಂದು ಸೈನ್ ಬೇಕಂತೆ ಕಣಕ್ಕ" ಎಂದು ಪತ್ರ ಬರೆಯುವವರ ಅಂಗಡಿ ಬೆಂಚಿನಲ್ಲಿ ಕೂರಿಸಿದೆ. ಅದು ಹಕ್ಕು ಖುಲಾಸೆ ಪತ್ರ, ನನಗೆ ಈ ಆಸ್ತಿಯಲ್ಲಿ ಏನೂ ಬೇಡ ಎಂದು ಹೆಣ್ಣುಮಕ್ಕಳಿಂದ ಬರೆಸಿಕೊಳ್ಳುವುದು. ನಾನು ಕಾಫಿ ತರಲು ಹೋಗಿ ಬರುವಷ್ಟರಲ್ಲಿ ಹಾಳೆ ಹಾಳೆಗೂ ಗುಂಡು ಗುಂಡು ಅಕ್ಷರದಲ್ಲಿ 'ಜಯಮ್ಮ' ಎಂದು ರುಜು ಹಾಕಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಸಬ್ ರಿಜಿಸ್ಟ್ರಾರ್ ಆಫೀಸಿನ ಒಳಗೆ ಒಪ್ಪಿಗೆ ಇದೆಯಾ ಎಂದು ಕೇಳಿದಾಗ ತಲೆಯಾಡಿಸಿದಳು. ಅವಳಿಗೆ ಮಸಾಲೆ ದೋಸೆ ಕೊಡಿಸಿ ಬಸ್ಸು ಹತ್ತಿಸಿದೆ. ಆ ಹೊತ್ತಿಗೆ ಅದಾಗಿ ಹನ್ನೆರಡು ವರ್ಷ. ಅವತ್ತಿನಿಂದ ಗೌರಿ ಹಬ್ಬದ ಬಾಗಿನ, ಸೀರೆಯನ್ನು ನಾನೇ ತೆಗೆದುಕೊಂಡು ಹೋಗಿ ಕೊಟ್ಟವನಲ್ಲ. ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅವಳ ಮಗ ಮಂಜುನ ಕೈಯಲ್ಲಿ ಕಳಿಸುತ್ತಿದ್ದೆ. ಹುಳ ಹಣ್ಣಾಗಿವೆ, ಗೂಡು ಕಟ್ಟಿಸಬೇಕು, ಬಿಡುವಿಲ್ಲ ಎಂದು ನೆಪ ಹೇಳುತ್ತಿದ್ದೆ.

ಸುಶೀಲ ನನಗೆ ಹೇಳದೆ ಫೋನ್ ಮಾಡಿದ್ದಳಂತೆ. ಒಂದು ಬುಧವಾರ ರಾಮನಗರದ ಬೆಂಚಿನಲ್ಲಿ ಸರದಿ ಕಾಯುತ್ತಿದ್ದೆ, ಪಕ್ಕದಲ್ಲಿ ಯಾರೋ ಧೊಪ್ಪನೆ ಕೂತರು. ನೋಡಿದರೆ ಅಕ್ಕ. ಕಂಕುಳಲ್ಲಿ ಬ್ಯಾಗು, ಕೈಯಲ್ಲಿ ಒಂದು ಚೀಟಿ.

"ಎಷ್ಟು ದಿನ ಆಯ್ತ್ಲಾ ಹಿಂಗಾಗಿ? ನಂಗೊಂದು ಮಾತು ಹೇಳ್ನಿಲ್ವಲ್ಲ ನೀನು."

"ನಿಂಗ್ಯಾಕೆ ತೊಂದ್ರೆ ಅಂತ ಕಣಕ್ಕ."

"ತೊಂದ್ರೆ! ನೋಡಿಲ್ಲಿ, ಮಾಗಡೀಲಿ ರಕ್ತ ಕೊಟ್ಟು ನೋಡ್ಸ್ಕಬಂದಿವ್ನಿ. ಓ ಪಾಸಿಟಿವ್ ಅಂತೆ. ಎಲ್ಲರ್ಗೂ ಆಯ್ತದಂತೆ ಕಣ್ಲಾ."

ಒಳಗಿನಿಂದ ನನ್ನ ಹೆಸರು ಕೂಗಿದರು. ಎದ್ದು ಹೋಗಿ ಮಲಗಿದೆ. ನಾಲ್ಕು ಗಂಟೆಯೂ ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡು ಅತ್ತೆ.

ಪರೀಕ್ಷೆಗಳೆಲ್ಲ ಮುಗಿಯಲು ಎರಡು ತಿಂಗಳು ಹಿಡಿಯಿತು. ಎಲ್ಲವೂ ಹೊಂದಿತು. ಭಾವ ಕಡಿಮೆ ಮಾತಿನವರು, "ಒಡಹುಟ್ಟಿದೋನು, ನಾನೇನ್ ಬ್ಯಾಡ ಅನ್ಲಿ" ಎಂದು ಒಪ್ಪಿಗೆ ಕೊಟ್ಟರು. ಒಪ್ಪದವನು ಮಂಜು. ಬೆಂಗಳೂರಿನ ಆಸ್ಪತ್ರೆಯಲ್ಲಿ ಸರ್ಜನ್ ಡಾಕ್ಟರಮ್ಮ ರೋಬೋಟ್ ಮೂಲಕ ಆಪರೇಷನ್ ಎಂದಾಗ ಅವನ ಮುಖ ಬಿಳಿಚಿಕೊಂಡಿತು. ನನ್ನ ಹೊಟ್ಟೆಯ ಗಾತ್ರಕ್ಕೆ ಉದ್ದ ಕೊಯ್ದರೆ ಗಾಯ ಬೇಗ ಮಾಯುವುದಿಲ್ಲ, ಕೀವಾಗುವ ಅಪಾಯ ಹೆಚ್ಚು, ಸಣ್ಣ ತೂತುಗಳಲ್ಲಿ ಮುಗಿದರೆ ವಾಸಿ ಎಂಬುದು ಅವರ ಲೆಕ್ಕ. ಅಕ್ಕನಿಗೂ ಅದೇ ಯಂತ್ರ.

"ಮೇಡಂ, ನಮ್ಮ ಫ್ಯಾಕ್ಟ್ರೀಲಿ ರೋಬೋಟ್ ವೆಲ್ಡಿಂಗ್ ಮಾಡ್ತವೆ," ಎಂದ ಮಂಜು. "ಅದ್ರ ಸುತ್ತ ಬೇಲಿ ಹಾಕವ್ರೆ. ಮನುಷ್ಯ ಒಳೀಕೆ ಕಾಲಿಟ್ರೆ ಲೈನೇ ನಿಂತೋಯ್ತದೆ. ನೀವು ಮನುಷ್ಯನ್ನೇ ತಗೊಂಡೋಗಿ ಅದ್ರ ಕೆಳಗೆ ಮಲಗಿಸ್ತೀನಿ ಅಂತೀರಲ್ಲ?"

ಡಾಕ್ಟರಮ್ಮ ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ನಂಬಿಕೆ ಬಂತು. "ನಿಮ್ಮಲ್ಲಿರೋದು ತಾನಾಗೇ ಕೆಲಸ ಮಾಡುತ್ತೆ. ಇದು ತಾನಾಗಿ ಒಂದು ಕೂದಲೂ ಅಲುಗಾಡಿಸಲ್ಲ. ನಾನು ಅದೇ ರೂಮಿನಲ್ಲಿ ಕೂತು ಕೈ ಆಡಿಸಿದರೆ ಅದರ ಕೈ ಆಡುತ್ತೆ. ನಾನು ಕೈ ತೆಗೆದರೆ ನಿಲ್ಲುತ್ತೆ."

"ಕರೆಂಟು ಹೋದ್ರೆ?" ಎಂದೆ ನಾನು. ನಮ್ಮೂರಿನವನಿಗೆ ಮೊದಲು ಹೊಳೆಯುವುದು ಅದೇ.

"ಬ್ಯಾಟರಿ ಇದೆ, ಜನರೇಟರ್ ಇದೆ. ಎಲ್ಲಾ ಕೈಕೊಟ್ಟರೂ ನಮ್ಮ ಕೈ ಇದೆ. ಹಳೇ ರೀತೀಲಿ ಮುಗಿಸ್ತೀವಿ."

ಆಗ ಅಕ್ಕ ಕೇಳಿದಳು: "ಅದ್ರ ಕೈ ನಡುಗಕ್ಕಿಲ್ವಾ, ತಾಯಿ?"

"ನನ್ನ ಕೈ ಒಂಚೂರು ನಡುಗಿದರೂ ಅದರದ್ದು ನಡುಗಲ್ಲ, ಅಮ್ಮ."

"ಹಂಗಾದ್ರೆ ಸರಿ ಬುಡಿ." ಅಲ್ಲಿಗೆ ಅವಳ ಕಡೆಯಿಂದ ರೋಬೋಟಿನ ವಿಚಾರ ಮುಗಿಯಿತು. ಹೊರಗೆ ಬಂದ ಮೇಲೆ ಮಂಜು ನನ್ನನ್ನು ಪಕ್ಕಕ್ಕೆ ಕರೆದು, "ಮಾವ, ನಂಗೂ ಇರೋದು ಒಬ್ಳೇ ಅವ್ವ" ಎಂದ. ಅವನ ಭುಜ ಹಿಡಿದುಕೊಂಡು ನಿಂತೆ.

ಉಳಿದದ್ದು ಕಮಿಟಿ. ಕಿಡ್ನಿ ಕೊಡುವವರು ಯಾರ ಬಲವಂತಕ್ಕೂ, ಯಾವ ಆಸೆಗೂ ಕೊಡುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಲು ಎದುರು ಕೂರಿಸಿ ಪ್ರಶ್ನೆ ಕೇಳುತ್ತಾರೆ, ವಿಡಿಯೋ ಮಾಡುತ್ತಾರೆ. ಮೇಜಿನ ಆ ಕಡೆ ಐದು ಜನ, ಈ ಕಡೆ ನಾನು, ಅಕ್ಕ, ಭಾವ. ಅಕ್ಕ ಮದುವೆ ಮನೆಗೆ ಬಂದವಳಂತೆ ಹಬ್ಬದ ಸೀರೆ ಉಟ್ಟಿದ್ದಳು. ಕನ್ನಡಕ ಹಾಕಿದ್ದ ಒಬ್ಬ ಹೆಂಗಸು ಮೃದುವಾಗಿಯೇ ಕೇಳಿದರು: "ಅಮ್ಮ, ನಿಮ್ಮ ತಮ್ಮ ನಿಮಗೆ ಏನಾದರೂ ಕೊಟ್ಟಿದ್ದಾರಾ? ಕೊಡ್ತೀನಿ ಅಂದಿದ್ದಾರಾ?"

ನಮ್ಮ ಕಡೆ ಮದುವೆಯಾದ ಹೆಣ್ಣುಮಗಳನ್ನು ಹೊರಗಿನವರ ಮುಂದೆ ಹೀಗೆ ಕೇಳಿದರೆ ಉತ್ತರ ಒಂದೇ. ತವರು ಬರಿಗೈ ಎಂದು ಅವಳು ಪ್ರಾಣ ಹೋದರೂ ಹೇಳುವುದಿಲ್ಲ. ಅಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಕೊಡ್ದೆ ಏನವ್ವ? ವರ್ಷ ವರ್ಷ ಕೊಡ್ತನೆ. ಈ ಸೀರೇನೂ ಅವನೇ ಕೊಟ್ಟಿದ್ದು. ನಮ್ಮ ತವರಿಗೆ ಏನ್ ಕಮ್ಮಿ? ನಾನು ಕೇಳಿದ್ರೆ ತೋಟಾನೇ ಬರ್ಕೊಡ್ತನೆ ನನ್ನ ತಮ್ಮ!"

ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು. ಆಪರೇಷನ್‌ಗೆ ಮುಂಚೆ ಅವಳ ಭಾಗವನ್ನು ಬರೆದುಕೊಟ್ಟುಬಿಡೋಣ ಎಂದು ನಾನು ಮನಸ್ಸಿನಲ್ಲೇ ಯೋಚಿಸಿದ್ದೆ. ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಅವಳು ಜಂಬಕ್ಕೆ ಹೇಳಿದ್ದಳು, ನನಗೆ ಮಾತ್ರ ಮುಖಕ್ಕೆ ಹೊಡೆದಂತಾಯಿತು.

ಅವತ್ತು ಒಪ್ಪಿಗೆ ಸಿಗಲಿಲ್ಲ. ಆಸ್ತಿ ಆಸೆಗೆ ಕೊಡುತ್ತಿರಬಹುದು, ಇನ್ನಷ್ಟು ವಿಚಾರಿಸಬೇಕು ಎಂದರು. ಆಸ್ಪತ್ರೆಯ ಕಿಡ್ನಿ ಕಸಿ ವಿಭಾಗದ ಮೇಡಂ ನಮ್ಮನ್ನು ಹೊರಗೆ ಕೂರಿಸಿ ಬಿಡಿಸಿ ಹೇಳಿದರು: "ಅವರು ಅವರ ಕೆಲಸ ಮಾಡ್ತಿದ್ದಾರೆ. ಕಿಡ್ನಿಗೆ ಬದಲಾಗಿ ಏನು ಕೊಟ್ಟರೂ ಅದು ಅಪರಾಧ. ಪುಟ್ಟಸ್ವಾಮಿ, ಈಗ ನೀವು ನಿಮ್ಮಕ್ಕನಿಗೆ ಒಂದು ಕಡ್ಡಿ ಕೂಡ ಕೊಡಬೇಡಿ." ಅಕ್ಕ ತಲೆ ತಗ್ಗಿಸಿ ಕೂತಿದ್ದಳು. "ಅಯ್ಯೋ ಸಿವನೇ, ನನ್ನ ಬಾಯಿಗಿಷ್ಟು ಮಣ್ಣಾಕ. ನಿನ್ನ ಮರ್ಯಾದೆ ಉಳಿಸಕ್ಕೋಗಿ ನಿನ್ನೇ ಕಳ್ಕೊಂಬುಡ್ತೀನೇನ್ಲಾ?" ಎಂದು ಕಣ್ಣೊರೆಸಿಕೊಂಡಳು.

ಮೂರು ವಾರ ಹೋಯಿತು. ಆ ಮೂರು ವಾರ ನನ್ನ ಬದುಕಿನ ಕೆಟ್ಟ ದಿನಗಳು. ಶ್ವಾಸಕೋಶಕ್ಕೆ ನೀರು ತುಂಬಿ ಎರಡು ಸಲ ಆಸ್ಪತ್ರೆ ಸೇರಿದೆ. ಮಲಗಿದರೆ ಉಸಿರಿಲ್ಲ, ದಿಂಬು ಒಟ್ಟಿಕೊಂಡು ಕೂತೇ ನಿದ್ದೆ. ಸಾಯುತ್ತೇನೆ ಎಂಬ ಭಯಕ್ಕಿಂತ ಅಕ್ಕನ ಹತ್ತಿರ ಆ ರುಜುವಿನ ವಿಷಯ ಹೇಳದೆ ಸಾಯುತ್ತೇನೆ ಎಂಬ ಭಯ ದೊಡ್ಡದಾಗಿತ್ತು. ಆದರೂ ಹೇಳಲಿಲ್ಲ. ಹೇಳಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂಬ ಆಸೆಬುರುಕತನ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಎರಡನೇ ಸಲ ಕಮಿಟಿಗೆ ಅಕ್ಕ ಹಳೇ ವಾಯಿಲ್ ಸೀರೆಯಲ್ಲಿ ಬಂದಳು. ಏನು ಹೇಳಬೇಕೆಂದು ಯಾರೂ ಹೇಳಿಕೊಡುವಂತಿಲ್ಲ, ಇದ್ದದ್ದು ಇದ್ದಂತೆ ಹೇಳಿ ಎಂದಿದ್ದರು. ಅದೇ ಹೆಂಗಸು ಅದೇ ಪ್ರಶ್ನೆ ಕೇಳಿದರು. ಅಕ್ಕ ಮೇಜಿನ ಕಡೆ ನೋಡುತ್ತಾ ಹೇಳಿದಳು.

"ಹಬ್ಬಕ್ಕೆ ಒಂದು ಸೀರೆ, ಬಾಗಿನ. ಅದು ಎಲ್ಲಾರ ಮನೇಲೂ ಇರೋದು. ಅದು ಬುಟ್ರೆ ನನ್ನ ತಮ್ಮ ನಂಗೇನೂ ಕೊಟ್ಟಿಲ್ಲ. ನಾನು ಕೇಳಿಲ್ಲ. ತೋಟ ಅಂದಿದ್ದು ಬರೀ ಜಂಬ ಕನವ್ವ." ಅಷ್ಟು ಹೇಳಿ ಅತ್ತುಬಿಟ್ಟಳು. ಕ್ಯಾಮೆರಾದ ಮುಂದೆ ತವರನ್ನು ಸಣ್ಣದು ಮಾಡಿದ್ದಕ್ಕೆ ಅತ್ತಳು. ಅವಳು ಹೇಳಿದ್ದು ನಿಜ, ನಿಜವೆಂದು ಅಲ್ಲಿ ಕೂತಿದ್ದವರಲ್ಲಿ ನನಗಷ್ಟೇ ಚೆನ್ನಾಗಿ ಗೊತ್ತಿತ್ತು.

ಒಪ್ಪಿಗೆ ಸಿಕ್ಕಿತು. ಆಪರೇಷನ್ ಹಿಂದಿನ ದಿನ ಅಕ್ಕನ ಮುಂದೆ ಕಾಗದದ ಕಂತೆ ಇಟ್ಟರು. ಅವಳು ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತಾ ಹಾಳೆ ಹಾಳೆಯೂ ಓದಿದಳು. ನರ್ಸ್ ತಾಳ್ಮೆಯಿಂದ ಕಾದಳು. ಆಮೇಲೆ ಅದೇ ಗುಂಡು ಗುಂಡು ಅಕ್ಷರದಲ್ಲಿ 'ಜಯಮ್ಮ'. ಆವತ್ತೂ ಹೀಗೆ ಓದಿದ್ದರೆ ಅವಳು ಇವತ್ತು ಇಲ್ಲಿ ಇರುತ್ತಿರಲಿಲ್ಲವಲ್ಲ ಎಂದುಕೊಂಡೆ.

ಬೆಳಗ್ಗೆ ಅವಳನ್ನು ಮೊದಲು ಕರೆದುಕೊಂಡು ಹೋದರು. ಗಾಲಿ ಮಂಚದ ಮೇಲೆ ಮಲಗಿಕೊಂಡೇ ನನ್ನ ಕಡೆ ತಿರುಗಿ, "ಹೆದ್ರುಕೊಬ್ಯಾಡ, ಮಿಸಿನ್ನಿಗೆ ಕೈ ನಡುಗಕ್ಕಿಲ್ವಂತೆ" ಎಂದಳು. ನನ್ನ ಸರದಿ ಬಂದಾಗ ಒಳಗೆ ಆ ಯಂತ್ರ ಕಂಡೆ. ನಾಲ್ಕು ಕೈಗಳಿಗೂ ತೆಳು ಪ್ಲಾಸ್ಟಿಕ್ ಹೊದಿಸಿ ಮೇಲಕ್ಕೆ ಮಡಚಿ ನಿಲ್ಲಿಸಿದ್ದರು. ನಾನು ಅಂದುಕೊಂಡಷ್ಟು ಭಯಂಕರವಾಗಿರಲಿಲ್ಲ. ಮೂಲೆಯಲ್ಲಿ ಡಾಕ್ಟರಮ್ಮ ಒಂದು ಡಬ್ಬಿಯಂಥದ್ದರ ಮುಂದೆ ಸ್ಟೂಲು ಸರಿಮಾಡಿಕೊಳ್ಳುತ್ತಿದ್ದರು. ಅವರ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಸಾಕ್ಸ್ ಮಾತ್ರ. ಮನೆಯಲ್ಲಿ ಹೊಲಿಗೆ ಮಿಷಿನ್ ಮುಂದೆ ಸುಶೀಲ ಕೂರುವುದೂ ಹಾಗೆಯೇ. ಅದನ್ನು ನೋಡಿ ಮನಸ್ಸು ತಣ್ಣಗಾಯಿತು. ಮುಂದಿನದ್ದು ನನಗೆ ಗೊತ್ತಿಲ್ಲ.

ಎಚ್ಚರವಾದಾಗ ಮೊದಲು ಕಿವಿಗೆ ಬಿದ್ದದ್ದು ಸಿಸ್ಟರ್ ಮಾತು: "ಸಾರ್, ಯೂರಿನ್ ಚೀಲ ಆಗಲೇ ಎರಡು ಸಲ ಖಾಲಿ ಮಾಡಿದೀನಿ." ಅದಕ್ಕಿಂತ ಒಳ್ಳೆಯ ಸುದ್ದಿಯನ್ನು ನಾನು ಮಗಳು ಹುಟ್ಟಿದಾಗ ಬಿಟ್ಟರೆ ಕೇಳಿಲ್ಲ. ಮಾರನೇ ದಿನ ಅಕ್ಕ ಮಂಜುನ ತೋಳು ಹಿಡಿದು ಮೆಲ್ಲಗೆ ನಡೆದು ಬಂದು ಗಾಜಿನ ಆಚೆ ನಿಂತಳು. ನನ್ನ ಮಂಚದ ಚೀಲದ ಕಡೆ ಬೆರಳು ತೋರಿಸಿ, ಬಂತಾ ಎಂದು ಸನ್ನೆ ಮಾಡಿದಳು. ಬಂತು ಎಂದೆ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ನಾವಿಬ್ಬರು ಉಚ್ಚೆಯ ವಿಷಯಕ್ಕೆ ನಕ್ಕಿದ್ದೇ ನಕ್ಕಿದ್ದು. ನಕ್ಕರೆ ಹೊಟ್ಟೆಯ ತೂತುಗಳು ಎಳೆಯುತ್ತಿದ್ದವು.

ಊರಿಗೆ ಬಂದ ಮೇಲೆ ಇನ್ನೊಂದು ಕಷ್ಟ. ಹೊಸ ಕಿಡ್ನಿಯನ್ನು ಮೈ ತಳ್ಳದಿರಲೆಂದು ಕೊಡುವ ಮಾತ್ರೆಯಿಂದ ಸಣ್ಣ ಸೋಂಕನ್ನೂ ತಡೆಯುವ ಶಕ್ತಿ ಇರುವುದಿಲ್ಲ, ಜನ ಹತ್ತಿರ ಬರಬಾರದು. ಹಳ್ಳಿಯಲ್ಲಿ ಕಾಯಿಲೆಯವನನ್ನು ನೋಡಲು ಬರಬೇಡಿ ಎನ್ನುವುದು ಹೇಗೆ? ಸುಶೀಲ ಉಪಾಯ ಕಂಡುಕೊಂಡಳು. ಹುಳದ ಶೆಡ್ಡಿನ ಬಾಗಿಲಲ್ಲಿ ಇಡುವ ಬ್ಲೀಚಿಂಗ್ ನೀರಿನ ಬಾಂಡ್ಲಿಯನ್ನು ತಂದು ಮನೆಯ ಗೇಟಿನಲ್ಲಿಟ್ಟಳು. ರೇಷ್ಮೆ ಹುಳ ಪೊರೆ ಕಳಚಲು ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಅದನ್ನು ಯಾರೂ ಮುಟ್ಟುವಂತಿಲ್ಲ. ಕಿತ್ತಳೆ, ಬ್ರೆಡ್ಡು ಹಿಡಿದು ಬಂದವರಿಗೆಲ್ಲ ಅವಳು ಗೇಟಿನಲ್ಲೇ ಹೇಳಿದಳು: "ನಮ್ಮ ಹುಳ ಜ್ವರಕ್ಕೆ ಕೂತೈತೆ ಕನಣ್ಣ." ಒಬ್ಬರೂ ಬೇಜಾರು ಮಾಡಿಕೊಳ್ಳಲಿಲ್ಲ. ಹಣ್ಣು ಕೊಟ್ಟು, "ಎದ್ದ ಮ್ಯಾಲೆ ಬತ್ತೀವಿ" ಎಂದು ಹೋದರು.

ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. ಹೆಂಗಿದ್ದೀಯ ಎಂದು ಒಂದು ದಿನವೂ ಕೇಳಲಿಲ್ಲ. "ನೀರು ಕುಡುದ್ಯಾ? ಎಷ್ಟು ಕುಡುದೆ?" ಅಷ್ಟೆ. ಈಗ ದಿನಕ್ಕೆ ಮೂರು ಲೀಟರ್ ಕುಡಿಯಬೇಕು.

ವರ್ಷ ತುಂಬಿ ಗೌರಿ ಹಬ್ಬ ಬಂತು. ಡಾಕ್ಟರಮ್ಮ ಮಾಸ್ಕ್ ಹಾಕಿಕೊಂಡು ಹೋಗಬಹುದು ಎಂದಿದ್ದರು. ಬಾಗಿನದ ಮೊರ, ಸೀರೆ ಹಿಡಿದು ಹದಿಮೂರು ವರ್ಷದ ಮೇಲೆ ನಾನೇ ಅಕ್ಕನ ಮನೆಯ ಮುಂದೆ ಇಳಿದೆ. ಜಗಲಿಯಲ್ಲಿ ಬಕೆಟ್ ನೀರು ಇಟ್ಟಿದ್ದಳು. "ಕೈಕಾಲು ತೊಳ್ಕೊಂಡು ಒಳೀಕೆ ಬಾ," ಎಂದು ಒಳಗೆ ಹೋಗಿ ಕಾಯಿಸಿ ಆರಿಸಿದ ನೀರನ್ನು ಚೊಂಬಿನಲ್ಲಿ ತಂದಳು. ನಾನು ಚೊಂಬು ಹಿಡಿದುಕೊಂಡೇ ನಿಂತೆ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಎನಿಸಿತು.

"ಅಕ್ಕ, ಆವತ್ತು ಚನ್ನಪಟ್ಟಣದಲ್ಲಿ ಸೈನ್ ಹಾಕಿಸ್ಕಂಡ್ನಲ್ಲ, ಅದು ಖಾತೆ ಬದ್ಲಾಯ್ಸಕ್ಕಲ್ಲ. ನಿನ್ನ ಭಾಗ ಬುಡುಸ್ಕಂಡೆ. ಸುಳ್ಳು ಹೇಳ್ದೆ. ತಪ್ಪಾಯ್ತು ಕಣಕ್ಕ. ಅರ್ಧ ತೋಟ ನಿನ್ನ ಹೆಸ್ರಿಗೆ ಮಾಡಿಸ್ತೀನಿ."

"ಈಗ ಈಸ್ಕಂಡ್ರೆ ಕಿಡ್ನಿ ಮಾರ್ಕೊಂಡಂಗಾಯ್ತದೆ. ಕ್ಯಾಮ್ರಾ ಮುಂದೆ ಹೇಳಿವ್ನಿ, ನಂಗೇನೂ ಬ್ಯಾಡ ಅಂತ." ಅವಳು ಮೊರದ ಬಳೆ ಸರಿಮಾಡುತ್ತಾ ಇದ್ದಳು, ತಲೆ ಎತ್ತಲಿಲ್ಲ. "ಮತ್ತೆ, ಸುಳ್ಳು ಹೇಳ್ದೆ ಅಂತ ನೀನೇನ್ ಹೊಸ್ದಾಗಿ ಹೇಳ್ತಿದ್ದೀಯ? ನಾನು ಏಳನೇ ಕ್ಲಾಸ್ ಪಾಸು ಕಣ್ಲಾ. ನೀನು ಕಾಫಿ ತರಕ್ಕೋಗಿದ್ದಾಗ ಪೂರ್ತಿ ಓದ್ಕಂಡೇ ಹಾಕಿದ್ದೆ."

"ಮತ್ಯಾಕೆ ಹಾಕ್ದೆ?" ಎಂದೆ.

"ನೀನು ಕೇಳ್ದೆ, ಹಾಕ್ದೆ. ಆಸ್ಪತ್ರೇಲಿ ನೀನು ಕೇಳ್ನೂ ಇಲ್ಲ, ಆದ್ರೂ ಹಾಕ್ದೆ. ಹದಿಮೂರು ವರ್ಷ ಈ ಬಾಗ್ಲಿಗೆ ನೀನು ಬರ್ನಿಲ್ಲ ನೋಡು, ಅದೊಂದು ನಂಗೆ ಹೊಟ್ಟೆ ಉರ್ದಿತ್ತು. ಮೊದ್ಲು ನೀರು ಕುಡಿ."

ಮಾಸ್ಕ್ ಕೆಳಗೆ ಎಳೆದು ಕುಡಿದೆ. ಚೊಂಬು ಬರಿದಾಗುವ ತನಕ ಅವಳು ನನ್ನನ್ನೇ ನೋಡುತ್ತಾ ನಿಂತಿದ್ದು, ಆಮೇಲೆ ಕೈ ಚಾಚಿ, "ಇನ್ನೊಂದು ತರ್ಲಾ?" ಎಂದಳು.

ತಾರಕ್ಕ ಎಂದೆ.